ಸೋಮವಾರದ ಕಿವಿ

ಪತ್ರಿಕೆಯ ಮೇಜಿನಲ್ಲಿ ನಾನು ಕಲಿತ ಮೊದಲ ಪಾಠ ಇದು: ಒಬ್ಬರೇ ಹೇಳಿದ್ದನ್ನು ಅಚ್ಚಿಗೆ ಕಳಿಸಬಾರದು, ಇನ್ನೊಂದು ಕಡೆ ಕೇಳಿ ಖಚಿತಪಡಿಸಿಕೊಳ್ಳಬೇಕು. ಆ ಪಾಠವನ್ನು ವರ್ಷಗಟ್ಟಲೆ ಬೇರೆಯವರ ಮಾತಿಗೆ ಅನ್ವಯಿಸಿದೆ. ನನ್ನ ಎರಡು ಕಿವಿಗಳೇ ಒಂದಕ್ಕೊಂದು ತಾಳೆಯಾಗದ ವರದಿ ಕೊಡತೊಡಗಿದಾಗ ಮಾತ್ರ ಬಹಳ ದಿನ ಯಾರನ್ನೂ ಕೇಳಲಿಲ್ಲ.

ನಾನು ವಾಶಿಯಲ್ಲಿರುವ ಒಂದು ಕನ್ನಡ ದಿನಪತ್ರಿಕೆಯ ಉಪಸಂಪಾದಕ. ಮನೆ ಡೊಂಬಿವಲಿಯಲ್ಲಿ. ಭಾನುವಾರ ವಾರದ ರಜೆ. ಆ ದಿನ ಯಕ್ಷಗಾನಕ್ಕೆ ಚೆಂಡೆ ಬಾರಿಸುತ್ತೇನೆ. ‘ಬಾರಿಸುತ್ತಿದ್ದೆ’ ಎಂದು ಬರೆಯಬೇಕಾಗಿ ಬಂದೀತೆಂದು ಒಂದು ವರ್ಷ ಹೆದರಿದ್ದೆ. ಹಾಗಾಗಲಿಲ್ಲ. ಚೆಂಡೆ ಬಿಡಿ ಎಂದವರು ಅನೇಕರು. ಎಲ್ಲರೂ ನನ್ನ ಹಿತ ಬಯಸಿದವರೇ. ಅವರ ಮಾತನ್ನು ನಾನೇಕೆ ಕೇಳಲಿಲ್ಲ ಎಂಬುದನ್ನು ದಾಖಲಿಸಲು ಇದನ್ನು ಬರೆಯುತ್ತಿದ್ದೇನೆ. ಇಂಥದೇ ಕಿವಿ ಹೊತ್ತು ಇಂಥದೇ ಬೆಂಚಿನ ಮೇಲೆ ಕುಳಿತಿರುವವರು ಯಾರಾದರೂ ಇದ್ದರೆ, ಪಕ್ಕದಲ್ಲಿ ನಾನೂ ಇದ್ದೇನೆಂದು ತಿಳಿಯಲಿ.

ನಮ್ಮದು ಹವ್ಯಾಸಿ ತಂಡ. ಉಡುಪಿ, ದಕ್ಷಿಣ ಕನ್ನಡದಿಂದ ಬಂದು ಹೋಟೆಲು, ಬ್ಯಾಂಕು, ಕಚೇರಿಗಳಲ್ಲಿ ದುಡಿಯುವವರು. ಊರಿನಲ್ಲಿ ಬೆಳಗಾಗುವವರೆಗೆ ನಡೆಯುವ ಆಟ ಇಲ್ಲಿ ಮೂರು ಗಂಟೆಗೆ ಇಳಿದಿದೆ. ಹಾಲ್ ಮುಚ್ಚುತ್ತಾರೆ, ಪ್ರೇಕ್ಷಕರು ಲೋಕಲ್ ರೈಲು ಹಿಡಿಯಬೇಕು. ಆಟ ಚಿಕ್ಕದಾದ ಮೇಲೆ ಬೇಡಿಕೆ ಹೆಚ್ಚಿತು. ಭಾನುವಾರ ಮಧ್ಯಾಹ್ನ ಕಲ್ಯಾಣದಲ್ಲಿ ಒಂದು, ಸಂಜೆ ವಾಶಿಯಲ್ಲೋ ಠಾಣೆಯಲ್ಲೋ ಇನ್ನೊಂದು. ವೇದಿಕೆಯಲ್ಲಿ ನನ್ನ ಬಲಗಿವಿಗೆ ತಾಗಿದಂತೆ ನಿಲ್ಲುವವರು ಸದಾನಂದಣ್ಣ, ತಂಡದ ಯಜಮಾನರು. ಶಹಾಡ್ ಸ್ಟೇಷನ್ನಿನ ಬಳಿ ಅವರ ಹೋಟೆಲಿದೆ. ರಾಕ್ಷಸ ಪ್ರವೇಶಿಸುವಾಗ, ಯುದ್ಧವಾಗುವಾಗ ಅವರು ಚಕ್ರತಾಳ ಹೊಡೆಯುತ್ತಾರೆ. ಊಟದ ತಟ್ಟೆಯಷ್ಟು ಅಗಲದ ಎರಡು ಕಂಚಿನ ತಾಳಗಳು. ಮುಂದೆ ನನ್ನ ಚೆಂಡೆ, ಪಕ್ಕದಲ್ಲಿ ಅವರ ತಾಳ, ಕಾಲಬುಡದಲ್ಲಿ ನಮ್ಮದೇ ಸದ್ದನ್ನು ನಮಗೆ ತಿರುಗಿಸಿ ಕೇಳಿಸುವ ಸ್ಪೀಕರ್.

ಮೊದಲ ಸುಳಿವು ಸಿಕ್ಕಿದ್ದು ಒಂದು ಸೋಮವಾರ ಬೆಳಿಗ್ಗೆ. ಅಡುಗೆಮನೆಯ ಕುಕ್ಕರ್ ಪಕ್ಕದ ಬಿಲ್ಡಿಂಗಿನಲ್ಲಿ ಸೀಟಿ ಹಾಕಿದಂತೆ ಕೇಳಿತು. ಬಾಗಿಲ ಬಳಿಯೇ ಕುಳಿತು ಪತ್ರಿಕೆ ಓದುತ್ತಿದ್ದೆ. ಮಗಳು ಸ್ವಾತಿ ಒಳಗಿನಿಂದ ಓಡಿಬಂದು ಬಾಗಿಲು ತೆರೆದು ನನ್ನನ್ನು ದುರುಗುಟ್ಟಿ ನೋಡಿದಳು. ಆಗ ಒಂಬತ್ತನೇ ತರಗತಿ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ.

“ಪಪ್ಪಾ, ಬೆಲ್ ಕಬ್ ಸೆ ಬಜ್ ರಹೀ ಹೈ! ಸೋ ಗಯೇ ಥೇ ಕ್ಯಾ?” ಬಾಗಿಲ ಬೆಲ್ ಆಗಿನಿಂದ ಹೊಡೆದುಕೊಳ್ಳುತ್ತಿತ್ತಂತೆ, ನಾನು ನಿದ್ದೆಹೋಗಿದ್ದೆನೇ ಎಂದು ಅವಳ ಪ್ರಶ್ನೆ.

ಮಧ್ಯಾಹ್ನ ಕಚೇರಿಗೆ ಹೋಗಿ ಫೋನ್ ಎತ್ತಿದರೆ, ಬಲಗಿವಿಯಲ್ಲಿ ಆಚೆಯವರ ಮಾತು ಒದ್ದೆ ಬಟ್ಟೆಯ ಕೆಳಗಿನಿಂದ ಬಂದಂತಿತ್ತು. ಗಂಡಸರ ದನಿ ಪರವಾಗಿಲ್ಲ. ಹೆಂಗಸರ, ಮಕ್ಕಳ ದನಿಯಲ್ಲಿ ಅರ್ಧಕ್ಕರ್ಧ ಉದುರಿಹೋಗುತ್ತಿತ್ತು. ಜತೆಗೆ ತಲೆಯೊಳಗೆ ಸಣ್ಣಗೆ, ಎಡೆಬಿಡದೆ, ಜೀರುಂಡೆಯಂಥ ಕೂಗು. ಬುಧವಾರದ ಹೊತ್ತಿಗೆ ಎಲ್ಲವೂ ತಿಳಿಯಾಯಿತು. ಮುಂದಿನ ಭಾನುವಾರ ಮತ್ತೆ ಎರಡು ಆಟ, ಸೋಮವಾರ ಮತ್ತೆ ಒದ್ದೆ ಬಟ್ಟೆ.

ಚೌಕಿಯಲ್ಲಿ, ಅಂದರೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ, ವಿಷಯ ತೆಗೆದೆ. ಸದಾನಂದಣ್ಣ ನಕ್ಕುಬಿಟ್ಟರು.

“ಎಂತ ಮಾರಾಯ್ರೆ, ಹೊಸತಾಗಿ ಚೆಂಡೆ ಹಿಡಿದಾಗ ನಿಮ್ಮ ಬೆರಳು ಒಡೆದು ರಕ್ತ ಬಂದದ್ದು ನೆನಪುಂಟಾ? ಈಗ ಬರ್ತದಾ?”

“ಇಲ್ಲ.”

“ಜಡ್ಡು ಕಟ್ಟಿತು. ಕಿವಿಯೂ ಹಾಗೇ. ಪಳಗ್ತದೆ. ನನ್ನದು ಪಳಗಿ ಎಷ್ಟೋ ಕಾಲ ಆಯ್ತು.”

ಇದು ಅವರೊಬ್ಬರ ಮಾತಲ್ಲ. ಚೆಂಡೆ, ತಾಳ ಹಿಡಿದವರೆಲ್ಲ ನಂಬಿದ್ದು ಇದನ್ನೇ. ಬೆರಳು ಪಳಗಿದ್ದನ್ನು ಕಣ್ಣಾರೆ ಕಂಡವರು ನಾವು; ಕಿವಿಗೆ ಬೇರೆ ನಿಯಮ ಇರಬಹುದೆಂದು ಹೊಳೆಯಲಿಲ್ಲ. ಪ್ರತಿ ಬುಧವಾರ ಕಿವಿ ತೆರೆದಾಗ, ಇಷ್ಟಿಷ್ಟೇ ಗಟ್ಟಿಯಾಗುತ್ತಿದೆ ಎಂದು ನಾನೂ ಲೆಕ್ಕ ಹಾಕಿದೆ. ನಮ್ಮ ಭಾಗವತರು, ಅಂದರೆ ಹಾಡುವವರು, ನಾರಾಯಣಯ್ಯ ಎಂಬ ನಿವೃತ್ತ ಬ್ಯಾಂಕ್ ನೌಕರರು, ಆ ದಿನ ಈ ಮಾತಿಗೆ ಸೇರಲಿಲ್ಲ. ಶ್ರುತಿಪೆಟ್ಟಿಗೆಯನ್ನು ಕಿವಿಗೆ ಹತ್ತಿರ ಹಿಡಿದು ಅದರ ಗುಂಡಿ ತಿರುಗಿಸುತ್ತ ಕುಳಿತಿದ್ದರು.

ಹೆಂಡತಿ ವನಜ ಒತ್ತಾಯಿಸಿದ್ದಕ್ಕೆ ಡೊಂಬಿವಲಿಯಲ್ಲೇ ಒಬ್ಬ ಕಿವಿ ವೈದ್ಯರ ಬಳಿ ಹೋದೆ. ಅವರು ಆ ದವಾಖಾನೆಯಲ್ಲಿ ಕೂರುತ್ತಿದ್ದುದು ಶುಕ್ರವಾರ ಮಾತ್ರ. ಮೇಣ ತೆಗೆದರು, ಪರೀಕ್ಷೆ ಮಾಡಿಸಿದರು, ಎಲ್ಲ ಸರಿಯಿದೆ ಎಂದರು. ಗೆದ್ದವನಂತೆ ಮನೆಗೆ ಬಂದು ಸುದ್ದಿ ಹೇಳಿದೆ.

ವನಜ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ. “ಹಾಗಾದ್ರೆ ನಾನು ಕರೆದಾಗ ತಿರುಗದೇ ಇದ್ದದ್ದು ಬೇಕೂಂತಲೇಯಾ?”

ವರದಿಯ ಹಾಳೆ ಮಡಚಿ ಕಪಾಟಿಗೆ ಹಾಕಿದೆ.

ನವರಾತ್ರಿಯಿಂದಾಚೆ ಆಟಗಳ ಭರಾಟೆ. ಆ ವರ್ಷ ವಾರದ ನಡುವೆಯೂ ಒಪ್ಪಿಕೊಂಡೆವು. ಒಂದು ಬುಧವಾರ ಕಿವಿ ತೆರೆಯಲಿಲ್ಲ. ಗುರುವಾರ, ಶುಕ್ರವಾರವೂ ಇಲ್ಲ. ಕಲ್ಯಾಣದ ವರದಿಗಾರರ ಫೋನ್ ಬಂದಾಗ ರಿಸೀವರನ್ನು ಎಡಗಿವಿಗೆ ಬದಲಿಸಿಕೊಂಡೆ. ಆಮೇಲೆ ಅದೇ ರೂಢಿಯಾಯಿತು. ನನ್ನನ್ನು ಹೆದರಿಸಿದ್ದು ಫೋನ್ ಅಲ್ಲ. ವಾಶಿಯ ಆಟವೊಂದರಲ್ಲಿ, ಪಕ್ಕದ ಮದ್ದಳೆ ನನಗೆ ಕೇಳುತ್ತಿಲ್ಲ ಎಂಬುದು ನಡುವೆ ಗೊತ್ತಾಯಿತು. ಮದ್ದಳೆಯವರ ಬೆರಳು ನೋಡಿಕೊಂಡು ಬಾರಿಸುತ್ತಿದ್ದೆ. ಎಷ್ಟು ಆಟಗಳಿಂದ ಹಾಗೆ ಮಾಡುತ್ತಿದ್ದೆನೋ ತಿಳಿಯದು. ಮದ್ದಳೆ ಕೇಳದವನು ಚೆಂಡೆ ಹಿಡಿದರೆ ಅದು ಬರೀ ಸದ್ದು. ಹದಿಮೂರರ ವಯಸ್ಸಿನಿಂದ ನನ್ನ ಕೈಯಲ್ಲಿದ್ದ ವಿದ್ಯೆ ಅದು, ಉಳಿದೆಲ್ಲವೂ ಹೊಟ್ಟೆಪಾಡು.

ಈ ಸಲ ಠಾಣೆಗೆ ಹೋದೆ, ಕಿವಿಯ ಪರೀಕ್ಷೆಗೆಂದೇ ಇರುವ ಕೇಂದ್ರಕ್ಕೆ. ಹೊರಗಿನ ಬೆಂಚು ತುಂಬಿತ್ತು. ಕಿವುಡರ ಕಾಯುವ ಕೋಣೆಯಲ್ಲಿ ಹೆಸರನ್ನು ಕೂಗಿ ಕರೆಯುತ್ತಾರೆ. ಯಾರು ಈ ಪದ್ಧತಿ ತಂದರೋ! ಎಲ್ಲರೂ ಬಾಗಿಲನ್ನೇ ನೋಡುತ್ತ ಕುಳಿತಿದ್ದರು. ಆಗಲೇ ನನ್ನ ಹೆಸರು ಕೇಳಿಕೊಂಡಿದ್ದ ಪಕ್ಕದವನು ಮೊಣಕೈಯಿಂದ ತಿವಿದ.

“ಆಪ್ ಕೋ ಬುಲಾಯಾ. ದೋ ಬಾರ್.” ನನ್ನನ್ನು ಎರಡು ಸಲ ಕರೆದರಂತೆ.

“ನಿಮಗೆ ಕೇಳಿಸಿತೇ?” ಎಂದು ಹಿಂದಿಯಲ್ಲೇ ಕೇಳಿದೆ.

“ಸುನಾ ಕಹಾಂ? ದೇಖಾ. ಇಧರ್ ಸಿಸ್ಟರ್ ಕಾ ಮುಂಹ್ ದೇಖನೇ ಕಾ.” ಕೇಳಿಸಿದ್ದಲ್ಲ, ಕಂಡದ್ದು; ಇಲ್ಲಿ ಸಿಸ್ಟರಿನ ಬಾಯಿ ನೋಡುತ್ತಿರಬೇಕಂತೆ.

ಎದ್ದು ಹೋದರೆ, ಕರೆದದ್ದು ನನ್ನ ಹೆಸರಿಗೆ ಹತ್ತಿರದ ಬೇರೊಬ್ಬರನ್ನು. ಮತ್ತೆ ಬಂದು ಕುಳಿತೆ, ಇಬ್ಬರೂ ನಕ್ಕೆವು. ಅವನು ಶಹಾಡ್ ಕಡೆಯ ಕಾರ್ಖಾನೆಯೊಂದರಲ್ಲಿ ತಗಡು ಬಡಿಯುವ ಯಂತ್ರದ ಮುಂದೆ ನಿಲ್ಲುವವನು, ದಿವಾದಲ್ಲಿ ವಾಸ. ಯಂತ್ರ ನಿಲ್ಲುವುದಿಲ್ಲವೇ ಎಂದೆ. ಯಂತ್ರಕ್ಕೆ ರಿಪೇರಿಗೆಂದು ರಜೆ ಸಿಗುತ್ತದೆ, ತನಗಿಲ್ಲ ಎಂದ. ನಾನು ಯಾವ ಯಂತ್ರದ ಮೇಲೆ ಕೆಲಸ ಮಾಡುವುದೆಂದು ಕೇಳಿದ. ಯಂತ್ರವಲ್ಲ, ಭಾನುವಾರ ಒಂದು ಬಗೆಯ ಢೋಲ್ ಬಾರಿಸುತ್ತೇನೆ ಎಂದೆ.

“ಶೌಕ್ ಸೆ?” ಅವನ ಹುಬ್ಬು ಮೇಲೇರಿತು. “ಕೋಯೀ ಬೋಲಾ ನಹೀಂ, ಫಿರ್ ಭೀ?”

ಶೋಕಿಗಾಗಿ, ಯಾರೂ ಹೇಳದೆಯೇ? ಆ ಪ್ರಶ್ನೆ ಚುಚ್ಚಿತು. ಒಂದು ದಾರಿಯನ್ನೂ ತೋರಿಸಿತು. ಅವನ ವಿಶ್ರಾಂತಿ ಇನ್ನೊಬ್ಬರ ಕೈಯಲ್ಲಿತ್ತು. ನನ್ನದು ನನ್ನ ಕೈಯಲ್ಲಿತ್ತು, ನಾನು ಎಂದೂ ಅದನ್ನು ತೆಗೆದುಕೊಂಡಿರಲಿಲ್ಲ.

ಪರೀಕ್ಷೆಯ ಕೋಣೆ ಶೀತಲ ಗೋದಾಮಿನಂತೆ ದಪ್ಪ ಬಾಗಿಲಿನದು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಬಾಗಿಲು ಮುಚ್ಚಿದ್ದೇ ನನ್ನೊಳಗಿನ ಜೀರುಂಡೆಯೊಂದೇ ಉಳಿಯಿತು. ಸದ್ದಿಲ್ಲದಾಗಲೂ ಒತ್ತಿದೆನೇನೋ. ಗಾಜಿನಾಚೆ ಕುಳಿತ ಹುಡುಗಿಯ ಮುಖ ನೋಡಿ ಉತ್ತರ ಊಹಿಸಲು ಯತ್ನಿಸಿದೆ. ಅವಳು ಜಾಣೆ, ಮುಖ ಕೆಳಗಿಟ್ಟಿದ್ದಳು. ಹೊರಗೆ ಬಂದು ನಾನು ತುಂಬಿದ ಫಾರ್ಮಿನಲ್ಲಿ ಹೆಸರು, ಊರು, ಹಿಂದಿನ ವಿವರ ಓದಿ ಕನ್ನಡಕ್ಕೆ ಹೊರಳಿದಳು. ಶುಭಾ, ಮೈಸೂರಿನವಳು.

“ಹೋದ ಸಲ ಯಾವ ವಾರ ಟೆಸ್ಟ್ ಮಾಡ್ಸಿದ್ರಿ ಸಾರ್?”

“ಶುಕ್ರವಾರ.”

“ನಿಮ್ಮ ಗಲಾಟೆ ಯಾವ ವಾರ?”

“ಗಲಾಟೆಯಲ್ಲ, ಯಕ್ಷಗಾನ. ಭಾನುವಾರ.”

“ಕಿವಿಗೆ ಆ ವ್ಯತ್ಯಾಸ ಗೊತ್ತಾಗಲ್ಲ ಸಾರ್. ಶುಕ್ರವಾರದ ಕಿವಿ ಡಾಕ್ಟರಿಗೆ ತೋರ್ಸಿ, ಸೋಮವಾರದ ಕಿವಿ ಮನೇಲೇ ಬಿಟ್ಟು ಹೋಗಿದ್ರಿ. ಅವರಾದ್ರೂ ಏನ್ ಮಾಡ್ತಾರೆ?”

ಬುಧವಾರ ಕಿವಿ ತೆರೆಯುತ್ತಿದ್ದುದನ್ನು ಹೇಳಿ, ಕಿವಿ ಪಳಗುತ್ತದೆ ಎಂಬ ನಮ್ಮ ಸಿದ್ಧಾಂತವನ್ನು ಮುಂದಿಟ್ಟೆ. ಅವಳು ನಗಲಿಲ್ಲ.

“ಪಳಗಲ್ಲ. ಸುಸ್ತಾಗತ್ತೆ. ಸುಸ್ತಾಗಿರೋದು ಮಲಗಿದ್ರೆ ಏಳತ್ತೆ, ಅದೇ ನಿಮ್ಮ ಬುಧವಾರ. ಏಳೋಕೆ ಮುಂಚೆ ಮತ್ತೆ ಮತ್ತೆ ಹೊಡೀತಿದ್ರೆ ಒಂದಿನ ಏಳಲ್ಲ. ಬೆರಳಿಗೆ ಹೊಸ ಚರ್ಮ ಬರತ್ತೆ ಸಾರ್, ಕಿವಿ ಒಳಗೆ ಬರಲ್ಲ. ವಾರದ ಮಧ್ಯೆ ಕಿವಿಗೆ ರೆಸ್ಟ್ ಇದ್ಯಾ?”

“ಪೂರ್ತಿ ರೆಸ್ಟ್.”

ಅವಳ ಕಣ್ಣು ನನ್ನ ಅಂಗಿಯ ಜೇಬಿನತ್ತ ಹೋಯಿತು. ಅಲ್ಲಿಂದ ಇಯರ್‌ಫೋನಿನ ವಯರು ಜೋತಾಡುತ್ತಿತ್ತು. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ವಾಶಿ. ಆ ದಾರಿಯುದ್ದಕ್ಕೂ ಮುಂದಿನ ಭಾನುವಾರದ ಪದ್ಯಗಳನ್ನು ಮೊಬೈಲಿನಲ್ಲಿ ಕೇಳಿ ಅಭ್ಯಾಸ ಮಾಡುತ್ತಿದ್ದೆ. ಗಾಡಿಯ ಸದ್ದಿಗೆ ಮೀರಿ ಕೇಳಬೇಕಲ್ಲ, ದನಿ ಪೂರ್ತಿ ಏರಿಸಿ.

“ಇದ್ಯಾವ ಸೀಮೆ ರೆಸ್ಟ್ ಸಾರ್?” ಎಂದಳು ಶುಭಾ.

ಅಲ್ಲಿನ ಹಿರಿಯ ವೈದ್ಯರು ಚುಟುಕಾಗಿ ಮುಗಿಸಿದರು. ಆ ವಾದ್ಯ ಬಿಟ್ಟುಬಿಡಿ, ಹವ್ಯಾಸ ತಾನೆ? ಮನೆಗೆ ಬಂದ ಮೇಲೆ ಇದೇ ಮಾತು ಬೇರೆ ಬೇರೆ ದನಿಗಳಲ್ಲಿ ಬಂತು. ಭಾವ ಊರಿನಿಂದ ಫೋನ್ ಮಾಡಿ ಹಾರ್ಮೋನಿಯಂ ಕಲಿ ಎಂದರು. ಕಚೇರಿಯಲ್ಲೊಬ್ಬರು ಧ್ಯಾನ ಸೂಚಿಸಿದರು. ವನಜ ಮಾತ್ರ ಬಿಡಿ ಎನ್ನಲಿಲ್ಲ. ಮೂರನೆಯ ದಿನ ಕೇಳಿದಳು, “ನಿಮಗೆ ಬಿಡ್ಲಿಕ್ಕೆ ಆಗ್ತದಾ?”

“ಇಲ್ಲ.”

“ಹಾಗಾದ್ರೆ ಬಿಡದೆ ಹೇಗೆ ಅಂತ ಕೇಳಿಕೊಂಡು ಬನ್ನಿ. ಬಿಡಿ ಅಂತ ಹೇಳ್ಲಿಕ್ಕೆ ಡಾಕ್ಟ್ರು ಯಾಕೆ, ನಾನಿಲ್ವಾ?”

ಶುಭಾಳ ಬಳಿ ಮತ್ತೆ ಹೋದೆ. ಆ ಋತು ಮುಗಿಯುವವರೆಗೆ ಚೆಂಡೆ ಮುಟ್ಟಬಾರದು, ಕಿವಿಗೆ ನಿಜವಾದ ವಿರಾಮ ಕೊಡಬೇಕು, ಆಮೇಲೆ ಎಷ್ಟು ಉಳಿದಿದೆ ನೋಡೋಣ ಎಂದಳು. ಒಪ್ಪಿದೆ. ಬಿಡುವುದು ಬೇರೆ, ನಿಲ್ಲಿಸುವುದು ಬೇರೆ.

ಡೊಂಬಿವಲಿಯಲ್ಲಿ ಮೌನ ಹುಡುಕುವುದೆಂದರೆ ಏನೆಂದು ಆ ತಿಂಗಳುಗಳಲ್ಲಿ ತಿಳಿಯಿತು. ಮೇಲಿನ ಮನೆಯಲ್ಲಿ ಟೈಲ್ಸ್ ಕತ್ತರಿಸುತ್ತಿದ್ದರು. ಕೆಳಗೆ ರಿಕ್ಷಾ ಸಾಲು. ಮದುವೆಯ ಬ್ಯಾಂಡು ನಮ್ಮ ಗೇಟಿನೆದುರೇ ನಿಂತು ಕುಣಿಯುತ್ತಿತ್ತು. ವನಜ ಹಳೆಯ ಹಾಸಿಗೆಯನ್ನು ಮಲಗುವ ಕೋಣೆಯ ಕಿಟಕಿಗೆ ಒರಗಿಸಿ ಕಟ್ಟಿದಳು. ಟಿ.ವಿ.ಯ ರಿಮೋಟ್ ಬೀರು ಸೇರಿತು. ಚಟ್ನಿ ರುಬ್ಬಲು ಎದುರುಮನೆಗೆ ಹೋಗುತ್ತಿದ್ದಳು. ಮಿಕ್ಸಿಯ ಜಾರ್ ಎತ್ತಿಕೊಂಡು ಹೊರಡುವಾಗ ಗೊಣಗುವುದನ್ನು ತಪ್ಪಿಸುತ್ತಿರಲಿಲ್ಲ.

“ರಾಕ್ಷಸ ಕುಣಿಯುವಾಗ ಇವರ ಕಿವಿಗೆ ಏನೂ ಆಗುದಿಲ್ಲ. ಹೆಂಡತಿ ಚಟ್ನಿ ರುಬ್ಬಿದರೆ ಕಿವಿ ಹೋಗ್ತದೆ!”

ಅವಳ ಗೊಣಗಾಟ ವಾರ ವಾರಕ್ಕೆ ಸ್ಪಷ್ಟವಾಗಿ ಕೇಳತೊಡಗಿತು. ಹೇಳಿದರೆ ಬೈಗುಳ ಹೆಚ್ಚೀತೆಂದು ಸುಮ್ಮನಿದ್ದೆ. ಮರುಪರೀಕ್ಷೆಯಲ್ಲಿ ಎಡಗಿವಿ ಬಹುಮಟ್ಟಿಗೆ ಮರಳಿತ್ತು. ಬಲಗಿವಿಯಲ್ಲಿ ತೀಕ್ಷ್ಣ ದನಿಗಳ ಒಂದು ಭಾಗ ಮರಳಲಿಲ್ಲ. ಮುಂದೆಯೂ ಮರಳದು ಎಂದರು. ಜೀರುಂಡೆ ಸಣ್ಣದಾಗಿದೆ, ಹೋಗಿಲ್ಲ. ಈ ಸಾಲುಗಳನ್ನು ಬರೆಯುವಾಗಲೂ ಅದು ಕೂಗುತ್ತಿದೆ.

ಚೆಂಡೆ ಬಾರಿಸದಿದ್ದರೂ ಭಾನುವಾರ ಹೋಗುತ್ತಿದ್ದೆ. ಕಿವಿಗೆ ಸದ್ದು ತಡೆಯುವ ರಬ್ಬರಿನ ಬೆಣೆ ತುರುಕಿಕೊಂಡು ಹಾಲಿನ ಕೊನೆಯ ಸಾಲಿನಲ್ಲಿ ಕೂತು ನೋಡುತ್ತಿದ್ದೆ. ಅಲ್ಲಿಂದ ಕಂಡದ್ದು ವೇದಿಕೆಯ ಮೇಲಿಂದ ಎಂದೂ ಕಂಡಿರಲಿಲ್ಲ. ನಮ್ಮ ಮೂರು ಗಂಟೆಯ ಆಟದಲ್ಲಿ ಉಳಿದದ್ದು ಪ್ರವೇಶಗಳು ಮತ್ತು ಯುದ್ಧಗಳು. ಕತ್ತರಿ ಬಿದ್ದದ್ದು ಅಳುವ ರಾಣಿಗೆ, ಹಾಸ್ಯಗಾರನಿಗೆ, ಇಬ್ಬರು ಕುಳಿತು ವಾದಿಸುವ ಉದ್ದದ ಮಾತಿಗೆ. ಅಂದರೆ ಚೆಂಡೆ ಸುಮ್ಮನಿರುವ ಎಲ್ಲ ಜಾಗಗಳಿಗೆ. ನನಗೆ ಕಲಿಸಿದವರು ಬೆಳಗಿನತನಕದ ಆಟದಲ್ಲಿ ಅಂಥ ಸನ್ನಿವೇಶ ಬಂದಾಗ ಚೆಂಡೆ ಕೆಳಗಿಟ್ಟು, ಎಲೆ ಹಾಕಿಕೊಂಡು, “ಈಗ ಮದ್ದಳೆ ಕೇಳು” ಎನ್ನುತ್ತಿದ್ದರು. ಅದು ಪಾಠ ಎಂದುಕೊಂಡಿದ್ದೆ. ಅವರ ಕಿವಿ ಕೊನೆಯವರೆಗೆ ಚೆನ್ನಾಗಿತ್ತು ಎಂಬುದು ಈಗ ನೆನಪಾಯಿತು. ವಿರಾಮ ಆಟದೊಳಗೇ ಇತ್ತು. ರೈಲು ಹಿಡಿಯುವ ಅವಸರದಲ್ಲಿ ನಾವು ಮೊದಲು ಕಿತ್ತೆಸೆದದ್ದು ಅದನ್ನೇ.

ಮುಂದಿನ ಋತುವಿಗೆ ಮೊದಲು ಸಭೆ ಸೇರಿದ್ದು ಸದಾನಂದಣ್ಣನ ಹೋಟೆಲಿನಲ್ಲಿ, ಊಟದ ಗದ್ದಲ ಶುರುವಾಗುವ ಮುನ್ನ. ನಾನು ಹೇಳಬೇಕಾದ್ದನ್ನು ಸುದ್ದಿಯಂತೆ ಹೇಳಿದೆ. ಭಾನುವಾರಕ್ಕೆ ಒಂದೇ ಆಟ. ಕಾಲಬುಡದ ಸ್ಪೀಕರ್ ಬೇಡ. ಚಕ್ರತಾಳ ನನ್ನ ಕಿವಿಯಿಂದ ದೂರ. ಪ್ರತಿ ದೊಡ್ಡ ಪ್ರವೇಶದ ಬೆನ್ನಿಗೆ, ಕತ್ತರಿಸಿದ ಒಂದು ಶಾಂತ ಸನ್ನಿವೇಶ ವಾಪಸು.

“ಜನ ಬರುದು ಯುದ್ಧಕ್ಕೆ,” ಎಂದರು ಸದಾನಂದಣ್ಣ. “ಅಳುದನ್ನು ನೋಡ್ಲಿಕ್ಕೆ ಮನೆಯಲ್ಲೇ ಟಿ.ವಿ. ಉಂಟು.”

“ಹಾಗಾದರೆ ಬೇರೆ ಚೆಂಡೆಯವರನ್ನು ನೋಡಿ.”

“ಹೆದರಿಸುದಾ?”

“ಹೆದರಿಸುದಲ್ಲ, ಹೇಳುದು. ನಾನು ಚೆಂಡೆ ಬಿಡುವವನಲ್ಲ. ಬೇರೆ ತಂಡ ಕಟ್ಟಿಯಾದರೂ ಬಾರಿಸ್ತೇನೆ. ಆದರೆ ಹೀಗೆ ಬಾರಿಸುದಿಲ್ಲ.”

“ಒಬ್ಬರ ಕಿವಿಗೋಸ್ಕರ ಇಡೀ ಆಟ ಬದಲಿಸುದಾ ಮಾರಾಯ್ರೆ?”

ಆಗ ನಾರಾಯಣಯ್ಯನವರು ಚಹದ ಲೋಟ ಕೆಳಗಿಟ್ಟರು.

“ಒಬ್ಬರದ್ದಲ್ಲ ಸದಾನಂದ. ಎರಡನೇ ಆಟದಲ್ಲಿ ನನಗೆ ಶ್ರುತಿ ಕೇಳುದಿಲ್ಲ. ಹೋದ ವರ್ಷದಿಂದ. ಅಂದಾಜಿನಲ್ಲಿ ಹಾಡುದು ನಾನು.”

ಶ್ರುತಿ ಕೇಳದೆ ಹಾಡುತ್ತೇನೆಂದು ಒಬ್ಬ ಭಾಗವತ ತನ್ನ ತಂಡದೆದುರು ಹೇಳುವುದು ಎಂಥ ಮಾತು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

“ನನಗೆ ಎಂಥ ತೊಂದರೆಯೂ ಇಲ್ಲ!” ಎಂದರು ಸದಾನಂದಣ್ಣ. ಎಷ್ಟು ಜೋರಾಗಿ ಎಂದರೆ, ಮೂಲೆಯ ಮೇಜಿನಲ್ಲಿ ಇಡ್ಲಿ ತಿನ್ನುತ್ತಿದ್ದವರೂ ತಿರುಗಿ ನೋಡಿದರು. ಅವರಿಗೇ ಅದು ತಿಳಿಯಿತು. ಸ್ವಲ್ಪ ಹೊತ್ತು ಮೇಜಿನ ಮೇಲಿನ ನೀರನ್ನು ಬೆರಳಲ್ಲಿ ಒರೆಸಿದರು. ಆಮೇಲೆ ಕೇಳಿದರು, “ಆ ಮೈಸೂರಿನ ಹುಡುಗಿ ಯಾವ ವಾರ ಸಿಕ್ತಾಳೆ?”

ಹೊಸ ಋತುವಿನ ಮೊದಲ ಆಟ ಕಲ್ಯಾಣದಲ್ಲಿ. ಕಿವಿಯ ಅಚ್ಚಿಗೆ ತಕ್ಕಂತೆ ಶುಭಾ ಮಾಡಿಸಿಕೊಟ್ಟ ಬೆಣೆಗಳನ್ನು ಹಾಕಿಕೊಂಡಿದ್ದೆ. ಕಂಬಳಿ ಹೊದ್ದು ಬಾರಿಸಿದಂತಿತ್ತು. ಬೆಣೆಗಳ ಮೇಲಿನ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ. ರಾಕ್ಷಸನ ಪ್ರವೇಶ ಮುಗಿಯಿತು. ಹಾಲ್ ಸೀಟಿ ಹೊಡೆಯಿತು. ಹಿಂದಿನ ವರ್ಷವಾದರೆ ಅಲ್ಲಿಗೇ ಯುದ್ಧ. ಈ ಸಲ ರಾಣಿ ಒಬ್ಬಳೇ ಬಂದು ನಿಂತಳು. ನಾನು ಚೆಂಡೆಯನ್ನು ಹೆಗಲಿನಿಂದ ಇಳಿಸಿ ನೆಲಕ್ಕಿಟ್ಟೆ, ಬೆಣೆ ತೆಗೆದೆ, ಕೈಕಟ್ಟಿ ನಿಂತೆ.

ಹಿಂದಿನ ಸಾಲಿನಿಂದ ಯಾರೋ ಕೂಗಿದರು: “ಓ ಚೆಂಡೆಯವರೇ, ನಿದ್ದೆ ಬಂತಾ?”

ಜನ ನಕ್ಕರು. ಆಚೆ ತುದಿಯಲ್ಲಿ ಸದಾನಂದಣ್ಣನ ಕೈ ಚಕ್ರತಾಳದತ್ತ ಹೋದದ್ದು ಕಂಡಿತು. ಅವರು ನನ್ನ ಮುಖ ನೋಡಿದರು. ಬೇಡ ಎಂದು ತಲೆಯಾಡಿಸಿದೆ. ಅವರು ಕೈ ಹಿಂದೆ ತೆಗೆದರು. ನಗು ತಾನಾಗಿಯೇ ನಿಂತಿತು. ನಾರಾಯಣಯ್ಯನವರು ಶ್ರುತಿಗೆ ಕಿವಿಗೊಟ್ಟು, ಅವಸರವಿಲ್ಲದೆ ಪದ್ಯ ಎತ್ತಿದರು. ಮದ್ದಳೆ ಬೆರಳ ತುದಿಯಲ್ಲಿ ಬಂತು. ರಾಣಿ ಒಂದು ಹೆಜ್ಜೆ ಇಟ್ಟಾಗ ಗೆಜ್ಜೆ ಕೇಳಿತು, ಎಡಗಿವಿಗೆ ಚೆನ್ನಾಗಿ, ಬಲಗಿವಿಗೆ ಬಹಳ ದೂರದಿಂದ. ಎಷ್ಟೋ ಋತುಗಳಿಂದ ನಮ್ಮ ವೇದಿಕೆಯಲ್ಲಿ ಗೆಜ್ಜೆ ಇತ್ತು; ನಾನು ಕೇಳಿರಲಿಲ್ಲ. ನನ್ನ ಸರದಿ ಬಂದಾಗ ಬೆಣೆ ಹಾಕಿಕೊಂಡು ಚೆಂಡೆ ಎತ್ತಿಕೊಂಡೆ, ಮದ್ದಳೆಯವರ ಬೆರಳಿನತ್ತ ನೋಡದೆ ಬಾರಿಸಿದೆ.

ಮರುದಿನ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಠಾಣೆಯಲ್ಲಿ ಇಳಿದೆ. ಈ ಸಲ ಬೇಕೆಂದೇ ಸೋಮವಾರದ ಕಿವಿಯನ್ನು ಒಯ್ದಿದ್ದೆ. ಶುಭಾ ಪರೀಕ್ಷೆ ಮುಗಿಸಿ, ಹಳೆಯ ಪರೀಕ್ಷೆಯ ಕಾಗದದಲ್ಲಿದ್ದ ಗೆರೆಯ ಪಕ್ಕದಲ್ಲಿ ಹೊಸ ಗೆರೆ ಇಟ್ಟು ನೋಡಿದಳು. ಬಲಗಿವಿಯ ಹಳೆಯ ತಗ್ಗು ಹಾಗೆಯೇ ಇತ್ತು. ಅದು ಇನ್ನಷ್ಟು ಆಳಕ್ಕೆ ಇಳಿದಿರಲಿಲ್ಲ.

“ನಿನ್ನೆ ಆಟ ಕ್ಯಾನ್ಸಲ್ ಆಯ್ತಾ ಸಾರ್?”

“ಇಲ್ಲ, ಇತ್ತು,” ಎಂದೆ. “ಮುಂದಿನ ಭಾನುವಾರವೂ ಉಂಟು.”